ಹನ್ನೊಂದು ಹೆಸರು

ಚಹಾ ಗಿಡವನ್ನು ಕೊಯ್ಯದೆ ಬಿಟ್ಟರೆ ಮರವಾಗುತ್ತದೆ. ಕೋತಗಿರಿ ಹತ್ತಿರದ ಈ ಹಟ್ಟಿಗೆ ಬಂದ ಮಾರನೇ ಬೆಳಿಗ್ಗೆ ಮನೆಯೊಡತಿ ಅಜ್ಜಿ ಹಿತ್ತಲಿನಲ್ಲಿ ಎರಡಾಳೆತ್ತರದ ಮರವೊಂದನ್ನು ತೋರಿಸಿ, "ಕೊಯ್ಯದೆ ಬುಟ್ಟಲೆ ಇದು ಮೊರ, ಕೂಸೆ" ಅಂದಾಗ ಪೆಚ್ಚಾಗಿ ನಿಂತುಬಿಟ್ಟೆ. ಕಣ್ಣು ಹಾಯುವಷ್ಟು ದೂರ, ಗುಡ್ಡದ ಮೇಲೆ ಗುಡ್ಡ, ಸೊಂಟದೆತ್ತರಕ್ಕೆ ಕತ್ತರಿಸಿ ನಿಲ್ಲಿಸಿದ್ದೆಲ್ಲ ಮರಗಳೇ! ತೊಗಟೆ ಮೂಸಿ ಮರದ ಹೆಸರು ಹೇಳುವ ಕಾಡಿನವಳು ನಾನು. ಇಷ್ಟು ವರ್ಷ ಚಹಾ ಕುಡಿದೂ ಇದು ಗೊತ್ತಿರಲಿಲ್ಲ.

ನಮ್ಮ ಹಾಡಿ ಇರುವುದು ಮೋಯಾರ್ ಕಡೆ. ಇಲ್ಲಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಊಟಿ, ಮಸಿನಗುಡಿ ದಾಟಿ ಅದೇ ದಿನ ತಲುಪಬಹುದು. ಜಿಲ್ಲೆಯೂ ಒಂದೇ. ಇಷ್ಟು ಹತ್ತಿರ ಬಂದವಳು ವಲಸೆ ಬಂದೆ ಅನ್ನುತ್ತಾಳಲ್ಲ ಎಂದು ನಗಬೇಡಿ. ನಾನು ಜಿನೀವಾಕ್ಕೂ ಹೋಗಿ ಬಂದವಳು. ಅಲ್ಲಿಂದ ವಾಪಸು ಬರುವುದು ಸುಲಭವಿತ್ತು. ಕೋತಗಿರಿಯಿಂದ ಹಾಡಿಗೆ ಹೋಗಲು ಆಗುತ್ತಿಲ್ಲ.

ಜಿನೀವಾದಲ್ಲಿ ದೇಶದೇಶಗಳ ಆದಿವಾಸಿಗಳು ತಮ್ಮ ಕಷ್ಟ ಹೇಳಿಕೊಳ್ಳುವ ಸಭೆ ನಡೆಯುತ್ತದೆ. ಮೈಸೂರಿನ ವಕೀಲೆಯೊಬ್ಬರು ನನ್ನನ್ನು ಕರೆದುಕೊಂಡು ಹೋಗಿದ್ದರು. ಜೇನುಮರಗಳ ದಾರಿಗೂ ನಮ್ಮ ಸತ್ತವರನ್ನು ಹೂಳುವ ಜಾಗಕ್ಕೂ ಅರಣ್ಯ ಇಲಾಖೆಯ ಬೇಲಿ ಬಿದ್ದಿದೆ ಎಂದು ನಾನು ಮೂರು ನಿಮಿಷದಲ್ಲಿ ಹೇಳಿ ಮುಗಿಸಬೇಕಿತ್ತು. ಆದರೆ ನಮ್ಮ ಹಾಡಿಯ ಕೂಟದಲ್ಲಿ ಮಾತಾಡಲು ಎದ್ದವರು ಯಾರ ಪರವಾಗಿ ಎದ್ದಿದ್ದೇನೆ ಎಂದು ಮೊದಲು ಒಬ್ಬೊಬ್ಬರದೇ ಹೆಸರು ಹೇಳಬೇಕು. ಹೆಸರಿಲ್ಲದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಯಾರನ್ನಾದರೂ ಬಿಟ್ಟರೆ ಆ ಮನೆಗೆ ಅವಮಾನ. ನಾನು ಹಾಗೇ ಮಾಡಿದೆ. ಹನ್ನೊಂದು ಜನರ ಹೆಸರನ್ನು ಮೈಕಿನಲ್ಲಿ ನಿಧಾನವಾಗಿ, ಹೆಮ್ಮೆಯಿಂದ ಹೇಳಿದೆ. ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸುತ್ತಿದ್ದ ವಕೀಲೆಯ ಮುಖ ಬಿಳಿಚಿಕೊಂಡಿತು. ಹೊರಗೆ ಬಂದ ಮೇಲೆ, "ಹೆಸರು ಯಾಕೆ ಹೇಳಿದೆ ಮಾದಿ?" ಅಂದರು. ಹೆಸರಿಲ್ಲದೆ ಮಾತಾಡೋದು ಹೇಗೆ ಎಂದು ಅವರ ಮೇಲೆ ನಾನೇ ರೇಗಿದೆ.

ನಾನು ಹಾಡಿ ಮುಟ್ಟುವ ಮೊದಲೇ ನನ್ನ ಮಾತು ಅಚ್ಚಾದ ಹಾಳೆ ಕಾಡಿನ ಆಫೀಸು ಮುಟ್ಟಿತ್ತು. ಹನ್ನೊಂದು ಹೆಸರಿಗೂ ಕೆಂಪು ಗೆರೆ. ಅಣ್ಣ ಕಾಡು ಕಾಯುವ ವಾಚರ್ ಕೆಲಸಕ್ಕೆ ಹೋದರೆ ನಾಳೆಯಿಂದ ಬರಬೇಡ ಅಂದರು. ದೊಡ್ಡವ್ವ ಕೊಯ್ದು ತಂದ ಪೊರಕೆಹುಲ್ಲಿನ ಹೊರೆ ಕಿತ್ತುಕೊಂಡರು. ಜೇನಿಗೆ ಹೋಗುವವರಿಗೆ ಪಾಸು ನಿಂತಿತು. ಯಾರನ್ನೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ನನ್ನನ್ನಂತೂ ಮುಟ್ಟಲೇ ಇಲ್ಲ. ಮಫ್ತಿಯಲ್ಲಿದ್ದ ಪೊಲೀಸಿನವನೊಬ್ಬ ಮೂರು ಸಲ ಬಂದು ಪಾಸ್‌ಪೋರ್ಟ್ ತಿರುವಿ ಹಾಕಿ, "ಸುಮ್ಮಾ ಒರು ವಿಸಾರಣೆ ದಾನ್" ಎಂದು ಹೋದ. ಸುಮ್ಮನೆ ಒಂದು ವಿಚಾರಣೆ ಅಷ್ಟೇ ಅಂತೆ. ಅದೇ ವಾರ ಪೇಪರಿನವರು ನನ್ನನ್ನು ಕಾಡಿನ ದಿಟ್ಟ ದನಿ ಎಂದು ಹೊಗಳಿ ಬರೆದರು. ಮೈ ಉರಿದುಹೋಯಿತು.

"ನೀ ಇಲ್ಲಿ ಇರಗಂಟ ಅವ್ರು ನಮ್ಮ ಬುಡಕಿಲ್ಲ. ವಸಿ ದಿನ ಎಲ್ಲಾರ ಹೋಗಿರು," ಅಂದ ಅಣ್ಣ.

ಹೀಗೆ ಕೋತಗಿರಿಗೆ ಬಂದೆ. ಎಲೆ ಕೊಯ್ಯಲು ಕೈ ಬೇಕಾಗಿದ್ದರಿಂದ ಅಜ್ಜಿ ಒಂದು ಕೋಣೆ ಕೊಟ್ಟರು. ಅಜ್ಜಿಗೆ ಇಲ್ಲಿ ಹೆತ್ತೆ ಅನ್ನುತ್ತಾರೆ. ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿ ಹತ್ತನೇ ಕ್ಲಾಸಿನವರೆಗೆ ಕಲಿತ ನನ್ನ ಕನ್ನಡಕ್ಕೆ ಇವರ ಬಡಗ ಮಾತು ಅರ್ಧ ಸಿಕ್ಕುತ್ತದೆ, ಅರ್ಧ ಜಾರುತ್ತದೆ. ಮೊದಲ ದಿನ ಹೆತ್ತೆ "ಉದಕ ಬೇಕಾ?" ಅಂದಾಗ ಲೋಟ ಹಿಡಿದೆ. ಬಿದ್ದದ್ದು ಅವರೆಕಾಳಿನ ಬಿಸಿ ಸಾರು! ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಹಾಡಿ ಬಿಟ್ಟ ಮೇಲೆ ನಕ್ಕಿದ್ದು ಅದೇ ಮೊದಲು.

ನಮ್ಮಲ್ಲಿ ಹಗಲು ಹೊತ್ತು ಬಾಗಿಲು ಹಾಕಿದರೆ ಯಾರಿಗೋ ಹುಷಾರಿಲ್ಲ ಅಂತ. ಇಲ್ಲಿ ಚಳಿಗೆ ಮಧ್ಯಾಹ್ನವೂ ಬಾಗಿಲು ಮುಚ್ಚಿರುತ್ತದೆ. ಮೊದಮೊದಲು ನನ್ನನ್ನು ಕಂಡೇ ಹಾಕಿಕೊಳ್ಳುತ್ತಾರೆ ಎಂದು ಅಳು ಬರುತ್ತಿತ್ತು. ಈಗ ನಾನೂ ಹಾಕಿಕೊಳ್ಳುತ್ತೇನೆ. ಎರಡು ಎಲೆ ಒಂದು ಕುಡಿ ಚಿವುಟುವುದು ಕಲಿತಿದ್ದೇನೆ. ಫ್ಯಾಕ್ಟರಿಯವರು ನನ್ನ ಲೀಫನ್ನು ಕಡ್ಡಿ ಜಾಸ್ತಿ ಎಂದು ವಾಪಸು ಕಳಿಸಿ ಬಹಳ ದಿನವಾಯಿತು. ಹೆತ್ತೆ ಅಕ್ಕಪಕ್ಕದವರಿಗೆಲ್ಲ ಅದನ್ನು ಹೇಳಿಕೊಂಡು ಬಂದಿದ್ದಾರೆ.

ಈ ಬರಹದಲ್ಲಿ ನನ್ನದು ಬಿಟ್ಟು ಇನ್ನೊಬ್ಬರ ಹೆಸರಿಲ್ಲ, ಗಮನಿಸಿದಿರಾ? ಬುದ್ಧಿ ಬಂದಿದೆ. ನಮ್ಮ ಕೂಟದ ಪ್ರಕಾರ ನೀವು ಇದಕ್ಕೆ ಕಿವಿ ಕೊಡಬೇಕಾಗಿಲ್ಲ.

ಹೋದ ತಿಂಗಳು ವಕೀಲೆ ಒಂದು ಫಾರಂ ಕಳಿಸಿದರು. ಸಭೆಯಲ್ಲಿ ಮಾತಾಡಿದ್ದಕ್ಕೆ ಊರಲ್ಲಿ ಸೇಡು ತೀರಿಸಿಕೊಂಡರೆ ಅಲ್ಲಿಗೇ ದೂರು ಕೊಡಬಹುದಂತೆ. ದೂರು ಗಟ್ಟಿಯಾದರೆ ಕೆಲಸ, ಪಾಸು ಎಲ್ಲ ವಾಪಸು ಬರಬಹುದಂತೆ. ಓದುತ್ತ ಹೋದೆ. ತೊಂದರೆಯಾದವರ ಹೆಸರು ಬರೆಯಿರಿ, ಅವರ ಒಪ್ಪಿಗೆ ಇರಲಿ, ಹೆಸರಿಲ್ಲದ ದೂರನ್ನು ತೆಗೆದುಕೊಳ್ಳುವುದಿಲ್ಲ. ಹೆಸರು ಹೇಳಿದ್ದಕ್ಕೇ ಪೆಟ್ಟು ಬಿತ್ತು. ಪೆಟ್ಟು ಬಿತ್ತು ಅನ್ನುವುದಕ್ಕೂ ಈಗ ಹೆಸರು ಬೇಕು! ಫಾರಂ ಎಸೆದೆ. ಸ್ವಲ್ಪ ಹೊತ್ತಾದ ಮೇಲೆ ನಾನೇ ಎತ್ತಿಟ್ಟುಕೊಂಡೆ.

ಅಣ್ಣನಿಗೆ ವಿಷಯ ತಿಳಿಸಿ, ಹನ್ನೊಂದು ಜನರನ್ನೂ ಕೇಳು ಎಂದಿದ್ದೆ. ಭಾನುವಾರ ಅವನು ಮಸಿನಗುಡಿಯ ಟೀ ಅಂಗಡಿಯಲ್ಲಿ ಕಾಯುತ್ತಿದ್ದ. ನಾನು ಇಲ್ಲಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ.

"ಕೂಟದಲ್ಲಿ ಕೇಳ್ದೆ ಕನವ್ವ. ಒಬ್ರೂ ಒಪ್ನಿಲ್ಲ."

"ನಿಂದು?"

"ನಂದೂ ಬ್ಯಾಡ."

"ಹಂಗಾರ ನಾ ಯೋಳಿದ್ದು ಸುಳ್ಳು ಅಂತಾಯ್ತಲ್ಲ!" ಬೂತಿನವನು ತಿರುಗಿ ನೋಡುವ ಹಾಗೆ ಕೂಗಿದೆ.

"ಸುಳ್ಳಲ್ಲ, ದಿಟವೇ. ಆದ್ರೂ ಬ್ಯಾಡ. ಇನ್ನೊಂದ್ಸಲ ತಡಕಳಕ್ಕ ಆಗದಿಲ್ಲ."

ಅವನ ಮೇಲೆ ಸಿಟ್ಟು ಮಾಡಲು ನನಗೆ ಯಾವ ಹಕ್ಕಿದೆ? ಆದರೂ ಬಂತು. "ನನ್ನ ಹೆಸ್ರೊಂದ್ನೇ ಬರೀತೀನಿ," ಅಂದೆ.

"ಬರಿ."

"ಊರು ಅಂತ ಒಂದು ಕಾಲಂ ಅದ."

ಆ ಕಡೆಯಿಂದ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

"ಕೋತಗಿರಿ ಅಂತ ಬರಿ, ಮಾದೀ," ಅಂದ. "ಹಾಡಿ ಹೆಸ್ರ ಹಾಕಬ್ಯಾಡ."

ಬೂತಿನ ಮೇಜಿನ ಮೇಲೆ ಫಾರಂ ಬಿಡಿಸಿ, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡೇ ಕೋತಗಿರಿ ಎಂದು ಬರೆದೆ.

"ಬರದ್ಯಾ?" ಅಂದ.

"ಬರದೆ."

ಅವನು ಫೋನ್ ಇಟ್ಟ.