ಲ್ಯಾಪ್‌ಟಾಪಿಗೆ ಹಚ್ಚಿದ ಭಂಡಾರ

ರಾಯಬಾಗದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಆನ್‌ಲೈನ್ ಅರ್ಜಿ ತುಂಬುವುದು, ಝೆರಾಕ್ಸ್ ತೆಗೆಯುವುದು, ಪಹಣಿ ತೆಗೆದು ಕೊಡುವುದು ನನ್ನ ಕೆಲಸ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳು ಹೇಳುತ್ತಾರೆ. ಸುಳ್ಳಲ್ಲ. ಕೊನೆಯ ದಿನ ಅರ್ಜಿ ಹಿಡಿದು ಬರುವವರನ್ನು ಕಂಡರಂತೂ ಮೈ ಉರಿಯುತ್ತದೆ.

ಒಂದು ವರ್ಷ ದಸರೆಯ ಮರುದಿನ ಹಾಗೆ ಬಂದವಳು ಒಬ್ಬ ಕೂಲಿ ಹೆಂಗಸು. ಸತ್ತಿ ಎಂಬ ಊರಿನಲ್ಲಿ ಹುಟ್ಟಿ ನಮ್ಮ ತಾಲೂಕಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದವಳು. ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಲೇ ಓದಿ, ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಪಿಯುಸಿ ಪಾಸು ಮಾಡಿದ್ದಳು. ಅವಳ ಊರಿನ ಅಂಗನವಾಡಿಗೆ ಕಾರ್ಯಕರ್ತೆ ಬೇಕಾಗಿತ್ತು. ಅರ್ಜಿಗೆ ಅಂದೇ ಸಂಜೆ ಐದೂವರೆಗೆ ಕೊನೆ. ಮತ್ತೊಮ್ಮೆ ಕರೆಯುವ ಹೊತ್ತಿಗೆ ಅವಳ ವಯಸ್ಸು ಮಿತಿ ದಾಟಿರುತ್ತಿತ್ತು. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಗದರಿದೆ. ವಾಸಸ್ಥಳದ ಕಾಗದ ಕೈಗೆ ಬಂದದ್ದೇ ಹಬ್ಬದ ರಜೆಯ ಹಿಂದಿನ ದಿನ ಎಂದು ಮೆಲ್ಲಗೆ ಹೇಳಿದಳು. ಕೂರಿಸಿಕೊಂಡೆ.

ಅರ್ಜಿ ಅರ್ಧ ತುಂಬಿತ್ತು. ಪರದೆಯ ಮೇಲಿನ ಬಾಣ ತಾನಾಗಿಯೇ ಸರಿಯಿತು. ಮೌಸ್ ಬಿಟ್ಟು ಕೈ ಕಟ್ಟಿ ಕೂತೆ. ಆದರೂ ಅದು ಓಡಾಡಿತು. ಊರುಗಳ ಪಟ್ಟಿಯನ್ನು ತಾನೇ ತೆರೆದು ಪಕ್ಕದ ಊರನ್ನು ಒತ್ತಿತು. ನಾನು ಸರಿ ಮಾಡಿದೆ, ಅದು ಮತ್ತೆ ಬದಲಿಸಿತು. ಆ ಕೆಲಸ ಸಿಗುವುದು ಅದೇ ಊರಿನ ಹೆಂಗಸಿಗೆ ಮಾತ್ರ, ಒಮ್ಮೆ ಸಲ್ಲಿಸಿದರೆ ತಿದ್ದಲು ಬರುವುದಿಲ್ಲ. ಆ ಬಾಣವೋ, ಸಲ್ಲಿಸುವ ಗುಂಡಿಯ ಸುತ್ತಲೇ ಸುಳಿಯತೊಡಗಿತು. ಗಾಬರಿಯಲ್ಲಿ ಲ್ಯಾಪ್‌ಟಾಪನ್ನೇ ಆರಿಸಿಬಿಟ್ಟೆ. ತುಂಬಿದ್ದೆಲ್ಲ ಹೋಯಿತು.

ಯಾರೋ ದೂರ ಕೂತು ನನ್ನ ಯಂತ್ರವನ್ನು ಆಡಿಸುತ್ತಿದ್ದಾರೆ ಎಂದು ಮೊದಲು ಅನುಮಾನಪಟ್ಟೆ. ಮತ್ತೆ ಚಾಲೂ ಮಾಡಿ ಇಂಟರ್‌ನೆಟ್ ಕಿತ್ತೆ. ಬಾಣ ಕುಣಿಯುತ್ತಲೇ ಇತ್ತು. ಅಂದರೆ ಕಳ್ಳ ಹೊರಗಿನವನಲ್ಲ. ಮೌಸ್ ಕಿತ್ತೆ. ಅರ್ಥಿಂಗ್ ಸರಿಯಿಲ್ಲದಿದ್ದರೂ ಹೀಗಾಗುತ್ತದೆ ಎಂದು ಕೇಳಿದ್ದೆ, ಚಾರ್ಜರನ್ನೂ ಕಿತ್ತೆ. ಏನೂ ಉಪಯೋಗವಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಲ್ಯಾಪ್‌ಟಾಪ್ ಮಾರಿದವನನ್ನು ಬೈದೆ, ಕರೆಂಟನ್ನು ಬೈದೆ, ಕೊನೆಗೆ ಎದುರಿಗೆ ಕೂತ ಅವಳನ್ನೂ ಬೈದೆ. ಆಗಲೇ ನಾಲ್ಕು ಗಂಟೆ ದಾಟಿತ್ತು. ಬೇರೆ ಅಂಗಡಿ ನೋಡು ಎಂದೆ. ಎಲ್ಲ ನೋಡಿಯೇ ಬಂದಿದ್ದಳಂತೆ, ಹಬ್ಬಕ್ಕೆಂದು ಮುಚ್ಚಿದ್ದವು. ಅವಳು ಏಳಲಿಲ್ಲ. ಬೈಗುಳ ಕಿವಿಗೇ ಬೀಳದವಳ ಹಾಗೆ ಲ್ಯಾಪ್‌ಟಾಪನ್ನೇ ನೋಡುತ್ತಿದ್ದಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ ಮತ್ತ. ಈ ಚೌಕದ ಸಂದ್ಯಾಗ ಹಳದಿ ಏನೋ ಕುಂತೈತ್ರಿ. ಔಷಧ ಹೊಡಿಯೂ ಪಂಪಿನ ಬಾಯಾಗ ಹೊಲಸ ಕುಂತ್ರ ಅದೂ ಹಿಂಗ ಎತ್ತಾಗರ ಹಾರತೈತಿ."

ಕೀಲಿಗಳ ಕೆಳಗೆ ಬೆರಳಾಡಿಸುವ ಚೌಕವಿರುತ್ತದಲ್ಲ, ಆ ಟಚ್‌ಪ್ಯಾಡಿನ ಮಾತು. ಮೌಸ್ ಇರುವುದರಿಂದ ನಾನು ಅದನ್ನು ಮುಟ್ಟುವುದೇ ಇಲ್ಲ, ನೋಡುವುದೂ ಇಲ್ಲ. ಬಗ್ಗಿ ನೋಡಿದರೆ ಭಂಡಾರ. ಮಂಗಸೂಳಿಯ ಮಲ್ಲಯ್ಯನ ಗುಡಿಯಿಂದ ನಮ್ಮತ್ತೆ ತಂದಿಟ್ಟುಕೊಂಡ ಅರಿಶಿನಪುಡಿ. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಅವರು ಕುಡಗೋಲು, ಈಳಿಗೆ, ಬೈಕಿನ ಜೊತೆ ಲ್ಯಾಪ್‌ಟಾಪನ್ನೂ ತೆರೆದಿಟ್ಟು ಪೂಜೆ ಮಾಡಿದ್ದರು. ಅನ್ನ ಕೊಡುವ ಯಂತ್ರವೆಂದು ಎಲ್ಲಕ್ಕಿಂತ ಇದಕ್ಕೇ ಕೈತುಂಬ ಭಂಡಾರ, ಮೇಲೆ ಒಡೆದ ಕಾಯಿಯ ನೀರು. ದೇವರ ಭಂಡಾರ ಒರೆಸಬಾರದು ಎಂದು ಅವರು ಹೇಳಿದ್ದಕ್ಕೆ ನಾನು ಪರದೆಯನ್ನಷ್ಟೇ ಕದ್ದು ಒರೆಸಿದ್ದೆ. ಕಾಯಿನೀರಿನಲ್ಲಿ ಕಲೆಸಿದ ಪುಡಿ ಚೌಕದ ಮೇಲೆ ಜಿಗುಟಾಗಿ ಕೂತಿತ್ತು. ಯಾರೋ ಬೆರಳಿಟ್ಟಿದ್ದಾರೆ ಎಂದು ಯಂತ್ರ ತಿಳಿದಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಕಥೆ.

ಯಂತ್ರ ಆರಿಸಿ ಒದ್ದೆ ಬಟ್ಟೆ ತಂದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಮಲ್ಲಯ್ಯನ ಭಂಡಾರವನ್ನು ಅರಿವೆಯಲ್ಲಿ ಒರೆಸಿ ಮೋರಿಗೆ ಹಿಂಡುತ್ತೀಯಾ ಎಂದು ಅಡ್ಡ ನಿಂತರು. ನನ್ನ ಬಾಯಿಗೆ ಬಂದ ಮಾತನ್ನು ಆಡಿಬಿಟ್ಟಿದ್ದರೆ ಆ ವರ್ಷ ನಮ್ಮ ಮನೆಯಲ್ಲಿ ದೀಪಾವಳಿ ಆಗುತ್ತಿರಲಿಲ್ಲ. ಅಷ್ಟರೊಳಗೆ ಅವಳೇ ಎದ್ದಳು. ಸೆರಗಿನ ತುದಿಯನ್ನು ತುಸು ಒದ್ದೆ ಮಾಡಿ ಚೌಕದ ಮೇಲಿನ ಭಂಡಾರವನ್ನು ಎತ್ತಿಕೊಂಡು ತನ್ನ ಹಣೆಗೆ ಹಚ್ಚಿಕೊಂಡಳು. ಆಮೇಲೆ ಅತ್ತೆಯ ಹಣೆಗೆ, ನನ್ನ ಹಣೆಗೂ.

"ಚೆಲ್ಲೂದಿಲ್ರಿ ಆಯಿ. ದೇವರದು ಹಣಿಗೇ ಏರಲಿ."

ಅತ್ತೆ ಹಣೆ ಮುಟ್ಟಿಕೊಂಡು ಕೈ ಮುಗಿದರು. ಆಮೇಲೆ ತುರುಬಿನ ಪಿನ್ನು ತೆಗೆದು, ಸಂದಿಯಲ್ಲಿ ಉಳಿದದ್ದನ್ನು ಇದರಿಂದ ತೆಗಿ ಎಂದು ಅವಳ ಕೈಗೇ ಕೊಟ್ಟರು. ನಾನು ಗಾಳಿ ಹಾಕುತ್ತ ನಿಂತೆ. ಮೂವರ ಹಣೆಯೂ ಹಳದಿ. ಚೆನ್ನಾಗಿ ಒಣಗಿಸಿ, ಕಿತ್ತಿದ್ದನ್ನೆಲ್ಲ ಮತ್ತೆ ಸಿಕ್ಕಿಸಿ ಚಾಲೂ ಮಾಡಿದರೆ ಬಾಣ ಇದ್ದಲ್ಲೇ ಇತ್ತು. ನಾನು ಮೌಸ್ ಸರಿಸಿದರೆ ಮಾತ್ರ ಸರಿಯಿತು.

ಮೊದಲಿನಿಂದ ಮತ್ತೆ ತುಂಬಿದೆವು. ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದವಳು ನಾನು, ಅವಳಲ್ಲ. ಐದು ದಾಟಿ ಹತ್ತು ನಿಮಿಷಕ್ಕೆ ಅರ್ಜಿ ಹೋಯಿತು. ಬೈದದ್ದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಗಿತ್ತು, ಅದನ್ನು ಅವಳಿಗೆ ಹೇಳಿದೆ. ಹೊಲದ ಮಾಲಕನ ಬೈಗುಳದ ಮುಂದೆ ಇದೇನು ಎಂದು ನಕ್ಕು, ಊರ ಕಡೆ ಹೊರಟಿದ್ದ ಟ್ರ್ಯಾಕ್ಟರ್ ಹತ್ತಿ ಹೋದಳು.

ಸಂಕ್ರಾಂತಿ ಕಳೆದ ಮೇಲೆ ಆಯ್ಕೆ ಪಟ್ಟಿ ಬಂತು. ಅವಳ ಊರಿನ ಮುಂದೆ ಅವಳದೇ ಹೆಸರು. ಕೂಡಲೇ ಫೋನ್ ಹಚ್ಚಿದೆ. ಹೊಲದಲ್ಲಿದ್ದಳು. ಪಟ್ಟಿಯಲ್ಲಿದ್ದದ್ದನ್ನು ಓದಿ ಹೇಳಿದೆ.

"ಇನ್ನೊಮ್ಮಿ ಓದ್ರಿ ಅಕ್ಕಾರ," ಅಂದಳು.

ಓದಿದೆ.

"ತಡೀರಿ, ಸ್ಪೀಕರ್ ಹಚ್ಚತೀನಿ. ಕಸಾ ತೆಗಿಯಾಕ ಬಂದಾರೆಲ್ಲಾ ಇಲ್ಲೇ ಅದಾರ. ನಾ ಹೇಳಿದ್ರ ನಂಬೂದಿಲ್ಲ, ನೀವ ಓದ್ರಿ."

ಅಂಗಡಿಯಲ್ಲಿ ಆರೇಳು ಜನ ಕಾಯುತ್ತಿದ್ದರು. ನಾನು ಎದ್ದು ನಿಂತು ಅವಳ ಹೆಸರು, ಊರು, ಹುದ್ದೆ, ಒಂದೊಂದನ್ನೂ ಗಟ್ಟಿಯಾಗಿ ಓದಿದೆ.