ಹೆಬ್ಬೆರಳಿಗೆ ಒತ್ತಿದ ಗಾಳಿ

ಕಾರಿನ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತಿನ ಮೇಲೆ ನಾನು ಹೆಬ್ಬೆರಳು ಒತ್ತಿ ಹಿಡಿದಾಗ ಮೆಕ್ಯಾನಿಕ್ ಖಾಸಿಂ ನಕ್ಕುಬಿಟ್ಟ.

“ಅವ್ವಾ, ಸೀರಿಗೆ ಗ್ರೀಸ್ ಹತ್ತತೈತಿ, ಸರೀರಿ. ಕಿಡಿ ಬೀಳೋ ಟೈಮಿಂಗ್ ಮಾರ್ಕ್ ಮೂರು ಸಲ ಕೂಡ್ಸೀನಿ. ಇಂಜಿನ್ನ ಸತ್ತೈತಿ.”

ಕುರುಗೋಡಿನ ನಮ್ಮ ಮನೆ ಮುಂದೆ ಗುಜರಿಯವನ ಟೆಂಪೊ ಆಗಲೇ ಬಂದು ನಿಂತಿತ್ತು. ಅವತ್ತು ಚಾಲೂ ಆಗದಿದ್ದರೆ ತೀರಿಕೊಂಡ ಗಂಡನ ಹಳೆ ಅಂಬಾಸಿಡರ್ ಒಯ್ಯಲಿ ಎಂದು ನಾನೇ ಮಗನಿಗೆ ಮಾತು ಕೊಟ್ಟಿದ್ದೆ. ನನಗೆ ಓದು ಅಷ್ಟಕ್ಕಷ್ಟೆ. ಆದರೆ ಬಳ್ಳಾರಿ, ಸಿರುಗುಪ್ಪ ಅಂತ ಬಾಡಿಗೆ ಹೊಡೆಯುತ್ತಿದ್ದ ಗಂಡ ಇಂಜಿನ್ ಬಿಚ್ಚಿದಾಗಲೆಲ್ಲ ಆ ತೂತಿಗೆ ಬೆರಳಿಡುವ ಕೆಲಸ ನನ್ನದಾಗಿತ್ತು.

“ನಗಬ್ಯಾಡಲೇ, ಹ್ಯಾಂಡಲ್ ತಿರುವು” ಎಂದೆ.

ತಿರುವಿದ. ಇಂಜಿನ್ ಮುಂದಿನ ಪುಲ್ಲಿ ಚಕ್ರದ ಮೇಲಿನ ಗುರುತು ಪಕ್ಕದ ಮುಳ್ಳಿಗೆ ನೇರ ಬಂತು, ಬೆರಳಿಗೆ ಗಾಳಿ ಒತ್ತಲಿಲ್ಲ. ಇನ್ನೊಂದು ಸುತ್ತು ತಿರುವಿಸಿದೆ. ಈ ಸಲ ಗಾಳಿ ನನ್ನ ಬೆರಳನ್ನೇ ಎತ್ತಿ ಒಗೆಯಿತು. ಗುರುತು ಮತ್ತೆ ಅದೇ ಜಾಗಕ್ಕೆ ಬಂದಿತ್ತು.

“ಗುರುತು ಎರಡೂ ಸುತ್ತಿನಾಗ ಬರತೈತಿ, ಗಾಳಿ ಒಂದರಾಗ ಬರತೈತಿ. ಕಿಡಿ ಗಾಳಿ ಬಂದಾಗ ಬೀಳಬೇಕು. ನೀ ಬರೇ ಕಣ್ಣಿಲೆ ನೋಡಿ, ಕಿಡೀನ ಗಾಳಿ ಇಲ್ಲದ ಖಾಲಿ ಸುತ್ತಿನಾಗ ಕೂಡ್ಸೀದಿ.”

ಖಾಸಿಂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ, ಗಾಳಿ ಬಂದ ಸುತ್ತಿಗೆ ಸರಿಯಾಗಿ ಕೂಡಿಸಿದ. ಕಾರು ಎರಡು ಸಲ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ನಿಲ್ಲದೆ ಓಡಿತು. ಗುಜರಿಯವನು ಖಾಲಿ ಟೆಂಪೊ ತಿರುಗಿಸಿಕೊಂಡು ಹೋದ.

ಆಮೇಲೆ ಹಳೆ ಗಾಡಿ ಬಂದಾಗ ಖಾಸಿಂ ನನಗೆ ಫೋನ್ ಮಾಡತೊಡಗಿದ. ಒಂದು ಸಲ ಹೋಗಿ ತೋರಿಸಿಕೊಟ್ಟೆ. ಎರಡನೇ ಸಲ ಕರೆದಾಗ, ಕಲಿತವನು ನೀನೇ ಮಾಡು ಎಂದು ಫೋನ್ ಇಟ್ಟೆ.