ಉಗುರಿಗೆ ಬರಲ್ಲ ಸರ್

ಇವತ್ತು ಬೆಳಿಗ್ಗೆ ವರಾಂಡದ ಬಿಸಿಲಲ್ಲಿ ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು ನನ್ನಾಕೆ ಉಗುರು ಕತ್ತರಿಸುತ್ತಿದ್ದಳು. ನಾನೇ ಬಗ್ಗಿ ಕತ್ತರಿಸಿಕೊಳ್ಳಲು ಏನು ಧಾಡಿ ಎನ್ನಬೇಡಿ. ನಡುವೆ ಹೊಟ್ಟೆ ಎಂಬುದೊಂದಿದೆ. ನನ್ನ ಕಾಲ್ಬೆರಳುಗಳಿಗೆ ನನ್ನ ಕೈ ಸರಿಯಾಗಿ ಎಟುಕಿ ವರ್ಷಗಳೇ ಆದವು. ಕಟಕ್ಕನೆ ಸಿಡಿದ ಚೂರೊಂದು ಅವಳ ಕನ್ನಡಕಕ್ಕೆ ಬಡಿಯಿತು. ಬೈಗುಳಕ್ಕೆ ಕಾದು ಕೂತೆ. ಅವಳು ನಕ್ಕು, “ಅಮ್ಮನ ಬೆರಳು ನೆನಪೈತಾ ನಿಮಗೆ?” ಎಂದಳು.

ಮರೆಯುವುದುಂಟೇ!

ಎರಡು ಸಾವಿರದ ಇಸವಿಯ ಆಚೀಚೆ ನಾನು ತುಮಕೂರು ಪಕ್ಕದ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕಂಪನಿಯವರು ಆರೋಗ್ಯ ವಿಮೆಯ ಕಾರ್ಡ್ ಕೊಟ್ಟು, ನನ್ನ ಅತ್ತೆಯ ಹೆಸರನ್ನೂ ಸೇರಿಸಿಕೊಂಡಿದ್ದರು. ಗುಬ್ಬಿಗೆ, ಅತ್ತೆ ಮನೆಗೆ ಹೋದಾಗಲೆಲ್ಲ ಅದನ್ನು ಜೇಬಿನಿಂದ ತೆಗೆದು, “ಅತ್ತೆ, ಆಪರೇಷನ್ನೇ ಆಗ್ಲಿ, ಎಲ್ಲಾ ಇದು ನೋಡ್ಕೊಳ್ಳುತ್ತೆ,” ಎಂದು ಜಂಭ ಕೊಚ್ಚುತ್ತಿದ್ದೆ. ಬಾಗಿಲ ಮರೆಯಲ್ಲೇ ನಿಂತು ಮಾತಾಡುವ ಅತ್ತೆ “ಹೂಂ” ಎನ್ನುತ್ತಿದ್ದರು, ಅಷ್ಟೆ. ಅಳಿಯನ ಎದುರು ಕೂತವರೇ ಅಲ್ಲ. ಇನ್ನು ಅವರ ಕಾಲು ಹೇಗಿದೆಯೆಂದು ನನಗೇನು ಗೊತ್ತು?

ಒಂದು ಯುಗಾದಿಯ ದಿನ ಅವರ ಕಾಲಿಗೆ ಎಣ್ಣೆ ಹಚ್ಚಲು ಹೋದ ನನ್ನಾಕೆ ಚೀರಿದಳು. ಹೆಬ್ಬೆರಳಿನ ಉಗುರು ಮಾಂಸದೊಳಗೆ ಇಳಿದು, ಬೆರಳು ಊದಿ ಕೀವಾಗಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. “ಬುಡಿ ಅಳಿಯಂದ್ರೆ, ಅರಿಶಿಣ ಮೆತ್ಕೊತೀನಿ, ವಾಸಿಯಾಯ್ತದೆ,” ಎಂದು ಗೋಗರೆದರೂ ಬಿಡದೆ ತುಮಕೂರಿನ ಆಸ್ಪತ್ರೆಗೆ ಕರೆತಂದೆವು. ದಾರಿಯುದ್ದಕ್ಕೂ ಸೆರಗಿನ ಮರೆಯಲ್ಲಿ ಅಳುತ್ತಿದ್ದರು. ನೋವಿಗೆ ಎಂದುಕೊಂಡೆ.

ಡಾಕ್ಟರು ಬೆರಳು ನೋಡಿ, ಅತ್ತೆ, ನನ್ನಾಕೆ ಇಬ್ಬರನ್ನೂ ಹೊರಗಿನ ಬೆಂಚಿಗೆ ಕಳಿಸಿ ನನಗೆ ಹೇಳಿದರು: “ಇನ್ನೂ ತಡ ಮಾಡಿದ್ರೆ ಬೆರಳೇ ಹೋಗ್ತಿತ್ತು. ಈಗ ಉಗುರಿನ ಅಂಚು ತೆಗೆದು ಡ್ರೆಸ್ಸಿಂಗ್ ಮಾಡಿದ್ರೆ ಸಾಕು.”

ನಾನು ಎದೆಯುಬ್ಬಿಸಿ ಕೌಂಟರಿಗೆ ಹೋಗಿ ಕಾರ್ಡ್ ಚಾಚಿದೆ. ಅಲ್ಲಿದ್ದ ಹುಡುಗಿ ಚೀಟಿ ನೋಡಿ, “ಉಗುರಿಗೆ ಬರಲ್ಲ ಸರ್. ಅಡ್ಮಿಟ್ ಆಗಿ ಬೆರಳು ತೆಗೆಸಿದ್ರೆ ಬರುತ್ತೆ,” ಎಂದಳು.

“ಏನಮ್ಮಾ ಇದು! ಬೆರಳು ಉಳಿಸೋಕೆ ಕೊಡಲ್ಲ, ತೆಗೆಯೋಕೆ ಕೊಡ್ತೀರಾ?” ನನ್ನ ಕೂಗಿಗೆ ಆಸ್ಪತ್ರೆಯೆಲ್ಲ ತಿರುಗಿ ನೋಡಿತು.

ನನ್ನಾಕೆ ಕೌಂಟರಿಗೆ ಓಡಿ ಬಂದು, ವಿಷಯ ತಿಳಿದು ಬೆಂಚಿಗೆ ಮರಳಿದಾಗ ಅತ್ತೆ ಕೇಳಿದರು, “ಏನಂತೆ?”

“ಕಾರ್ಡು ನಡಿಯಾಕಿಲ್ವಂತೆ ಕಣಮ್ಮ.”

“ಹಂಗಾರೆ ಬೆರಳು ಕುಯ್ಯಾಕಿಲ್ವಾ?”

“ಯಾರು ಹೇಳಿದ್ರು ನಿಂಗೆ? ಉಗುರು ಅಷ್ಟೇಯ.”

ಅತ್ತೆ ಮುಖ ಮುಚ್ಚಿಕೊಂಡು ಅತ್ತರು, ಅಳುತ್ತಲೇ ನಕ್ಕರು. ಅವರ ಬೀದಿಯವರೊಬ್ಬರು ಇಂಥದೇ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗಿ, ಒಂದು ಕಾಲು ತೆಗೆಸಿಕೊಂಡು ಬಂದಿದ್ದರಂತೆ. ನಾನು ಕಾರ್ಡ್ ತೆಗೆದಾಗಲೆಲ್ಲ ಅತ್ತೆ ಬೆರಳನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದರಂತೆ! “ನಿಮ್ಮ ಕಾರ್ಡಿಗಿಂತ ದೇವ್ರು ದೊಡ್ಡೋನು ಬುಡಿ ಅಳಿಯಂದ್ರೆ,” ಎಂದು ಕಣ್ಣೊರೆಸಿಕೊಂಡರು. ನನ್ನ ಸಿಟ್ಟೂ ಅಲ್ಲೇ ಇಳಿಯಿತು; ಕೈಯಿಂದಲೇ ದುಡ್ಡು ಕಟ್ಟಿದೆ.

ವಾಪಸ್ ಗುಬ್ಬಿ ಬಸ್ಸಿನಲ್ಲಿ, ಕಟ್ಟು ಹಾಕಿದ ಕಾಲನ್ನು ನನ್ನೆದುರೇ ಸೀಟಿನ ಮೇಲೆ ಚಾಚಿ, ಅಳಿಯ ಎಂಬ ಪ್ರಾಣಿ ಇರುವುದನ್ನೇ ಮರೆತು ನಿದ್ದೆ ಹೋದರು. ಕೊನೆಯವರೆಗೂ ಹತ್ತು ಬೆರಳೂ ಅವರಿಗಿದ್ದವು.

ಈಗ ಸಕ್ಕರೆ ನನಗೆ. ಕಪ್ಪಾದ ಉಗುರೊಂದನ್ನು ಕಾಲುಚೀಲದೊಳಗೆ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೆ. ಅತ್ತೆಯ ಹೆದರಿಕೆ ಏನೆಂದು ಆಗ ಗೊತ್ತಾಯಿತು. ನಿನ್ನೆ ನನ್ನಾಕೆ ಕಾಲುಚೀಲ ಕಿತ್ತು ನೋಡಿ, ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರು ಏನೋ ಗೀಚಿ ಕೌಂಟರಿಗೆ ಹೋಗಿ ಎಂದರು. ಬೆರಳು ಹೋಯಿತೆಂದುಕೊಂಡೇ ವಿಮೆಯ ಕಾರ್ಡ್ ಕೊಟ್ಟೆ.

“ಉಗುರು ಕಟ್ ಮಾಡೋಕೆಲ್ಲಾ ಬರಲ್ಲ ಅಂಕಲ್.”

ನಾನು ಕೂಗಾಡಲಿಲ್ಲ. “ಸದ್ಯ, ಬದುಕಿದೆ ಕಣಮ್ಮ!” ಎಂದೆ. ಆ ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಹಿಂದೆ ನಿಂತಿದ್ದ ನನ್ನಾಕೆ ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು.

ಕಪ್ಪು ಉಗುರನ್ನು ಆಸ್ಪತ್ರೆಯಲ್ಲೇ ಕತ್ತರಿಸಿದ್ದರು. ಉಳಿದವನ್ನು ಕತ್ತರಿಸುತ್ತ ವರಾಂಡದಲ್ಲೀಗ ಒಂದು ಕಾಲು ಮುಗಿಯಿತು. ಇನ್ನೊಂದನ್ನು ನಾನೇ ಚಾಚಿದೆ.